‘ಅವರು ಯಾಕೆ ಸುಮ್ಮನೆ ಹೋದರು?’: ಹತ್ತನೆಯ ತರಗತಿಯ ಹುಡುಗನಿಗೆ ಏನು ಉತ್ತರ ಹೇಳಲಿ?

ಪ್ರೌಢಶಾಲೆ ಟೀಚರ್ ಕೇಳಿದ್ದು:

ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜವಿಜ್ಞಾನ ಕಲಿಸುತ್ತೇನೆ. ಮಹಾಯುದ್ಧಗಳ ಪಾಠದಲ್ಲಿ ನಾಜಿವಾದದ ವಿಷಯ ಕೆಲವೇ ಸಾಲುಗಳಲ್ಲಿ ಮುಗಿದುಹೋಗುತ್ತದೆ. ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದರು ಎಂದು ಹೇಳಿ ನಾನು ಮುಂದಿನ ಪುಟ ತಿರುವುವುದರಲ್ಲಿದ್ದೆ. ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ‘ಟೀಚರ್, ಅಷ್ಟು ಜನ ಇದ್ದರೂ ಅವರು ಯಾಕೆ ಸುಮ್ಮನೆ ಹೋದರು? ದೊಡ್ಡವರು ಹೋಗಲಿ, ನಮ್ಮ ವಯಸ್ಸಿನವರಾದರೂ ಓಡಿಹೋಗಬಹುದಿತ್ತಲ್ಲ? ಇಲ್ಲಿ ಬ್ರಿಟಿಷರ ಕಾಲದಲ್ಲಿ ಭೂಗತರಾದವರನ್ನು ಹಳ್ಳಿಯವರೇ ರೊಟ್ಟಿ ಕೊಟ್ಟು ಕಾಪಾಡಲಿಲ್ಲವೇ?’ ಎಂದು ಕೇಳಿದ. ತರಗತಿ ಪೂರ್ತಿ ನಿಶ್ಶಬ್ದವಾಯಿತು. ಅವನು ಕುಚೋದ್ಯಕ್ಕೆ ಕೇಳಿದ ಮಾತಲ್ಲ ಅದು. ನಿಜವಾಗಿಯೂ ಅವನಿಗೆ ಅರ್ಥವಾಗಿರಲಿಲ್ಲ.

ಪೋಲೆಂಡಿನ ವಾರ್ಸಾ ನಗರದಲ್ಲಿ ದಂಗೆ ನಡೆದಿತ್ತು ಎಂದು ಮಾತ್ರ ಹೇಳಿದೆ. ಅದಕ್ಕಿಂತ ಹೆಚ್ಚಿನದು ನನಗೇ ಸರಿಯಾಗಿ ಗೊತ್ತಿರಲಿಲ್ಲ. ಆ ಕಾಲದ ಯಹೂದಿ ಹುಡುಗ ಹುಡುಗಿಯರು ಏನು ಮಾಡಿದರು, ಏನು ಮಾಡಲು ಸಾಧ್ಯವಿತ್ತು ಎಂಬುದನ್ನು ಬಲ್ಲವರು ತಿಳಿಸಿದರೆ ಮುಂದಿನ ವಾರ ಒಂದು ಇಡೀ ಅವಧಿಯನ್ನು ಇದಕ್ಕೆಂದೇ ಮೀಸಲಿಡುತ್ತೇನೆ.

ನಿವೃತ್ತ ಉಪನ್ಯಾಸಕ ಉತ್ತರಿಸಿದ್ದು:

ಮೇಡಂ, ನಿಮ್ಮ ವಿದ್ಯಾರ್ಥಿಯ ಪ್ರಶ್ನೆಯನ್ನು ಹುಡುಗಾಟವೆಂದು ತಳ್ಳಿಹಾಕದೆ ಇಲ್ಲಿಗೆ ತಂದದ್ದು ಒಳ್ಳೆಯದಾಯಿತು. ಈ ಪ್ರಶ್ನೆಯನ್ನು ಹತ್ಯಾಕಾಂಡ ನಡೆಯುತ್ತಿದ್ದಾಗಲೇ, ಯಹೂದಿಗಳನ್ನು ಕೂಡಿಹಾಕಿದ್ದ ಗೆಟ್ಟೋ ಎಂಬ ಕೇರಿಯ ಒಳಗೇ, 23 ವರ್ಷದ ಯಹೂದಿ ಯುವಕನೊಬ್ಬ ತನ್ನ ಜೊತೆಯವರ ಮುಂದೆ ಇಟ್ಟಿದ್ದರು. ಅವರ ಹೆಸರು ಅಬ್ಬಾ ಕೋವ್ನರ್. ಊರು ವಿಲ್ನಾ, ಇಂದಿನ ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್.

1941ರ ಬೇಸಿಗೆಯಿಂದ ಜರ್ಮನರು ಆ ಊರಿನ ಯಹೂದಿಗಳನ್ನು ತಂಡತಂಡವಾಗಿ ಹೊರಗೆ ಕರೆದೊಯ್ಯುತ್ತಿದ್ದರು. ಕೆಲಸದ ಶಿಬಿರಕ್ಕೆ ಕರೆದೊಯ್ಯುತ್ತಿದ್ದೇವೆ ಎಂದು ಹೇಳುತ್ತಿದ್ದರು. ಕರೆದೊಯ್ಯುತ್ತಿದ್ದದ್ದು ಊರಾಚೆಯ ಪೊನಾರಿ ಎಂಬ ಕಾಡಿಗೆ. ಅಲ್ಲಿ ಸೋವಿಯತ್ ಸೇನೆ ಇಂಧನದ ಟ್ಯಾಂಕುಗಳಿಗೆಂದು ತೋಡಿಟ್ಟಿದ್ದ ದೊಡ್ಡ ದೊಡ್ಡ ಗುಂಡಿಗಳ ಅಂಚಿನಲ್ಲಿ ನಿಲ್ಲಿಸಿ ಗುಂಡಿಕ್ಕುತ್ತಿದ್ದರು. ಗಾಯಗೊಂಡು ಹೆಣಗಳ ಅಡಿಯಿಂದ ತೆವಳಿ ಬಂದ ಕೆಲವರು ಗೆಟ್ಟೋಗೆ ಮರಳಿ ನಡೆದದ್ದನ್ನು ಹೇಳಿದಾಗ ಬಹುತೇಕರು ನಂಬಲಿಲ್ಲ. ನಂಬುವುದು ಹೇಗೆ? ಹೆಂಗಸರು ಮಕ್ಕಳೆನ್ನದೆ ಇಡೀ ಊರನ್ನೇ ಕೊಂದುಹಾಕುತ್ತಾರೆ ಎಂಬುದನ್ನು ಒಪ್ಪಿಕೊಳ್ಳಲು ಅಂದಿನವರೆಗಿನ ಯಾವ ಅನುಭವವೂ ಅವರಿಗೆ ಸಹಾಯ ಮಾಡುವಂತಿರಲಿಲ್ಲ.

1941ರ ಡಿಸೆಂಬರ್ 31ರ ರಾತ್ರಿ, ಕಾವಲಿನವರು ಹೊಸ ವರ್ಷದ ಕುಡಿತದಲ್ಲಿದ್ದಾರೆ ಎಂಬ ಧೈರ್ಯದ ಮೇಲೆ, ಗೆಟ್ಟೋದ ಗಂಜಿಕೇಂದ್ರವೊಂದರಲ್ಲಿ ನೂರಕ್ಕೂ ಹೆಚ್ಚು ಯುವಕ ಯುವತಿಯರು ಸೇರಿದರು. ಕೋವ್ನರ್ ಅಲ್ಲಿ ತಾವು ಬರೆದ ಕರೆಯೋಲೆಯನ್ನು ಓದಿದರು. ಹಿಟ್ಲರ್ ಯುರೋಪಿನ ಎಲ್ಲ ಯಹೂದಿಗಳನ್ನೂ ಮುಗಿಸಲು ಹೊರಟಿದ್ದಾನೆ, ಕುರಿಗಳಂತೆ ಕಟುಕನ ಬಳಿಗೆ ಹೋಗುವುದು ಬೇಡ ಎಂಬುದು ಅದರ ಸಾರ. ಹಿಟ್ಲರನ ಯೋಜನೆಯ ಯಾವ ದಾಖಲೆಯೂ ಅವರ ಕೈಯಲ್ಲಿರಲಿಲ್ಲ. ಪೊನಾರಿಯಲ್ಲಿ ನಡೆದದ್ದನ್ನು ತಿಳಿದೇ ಅವರು ಆ ತೀರ್ಮಾನಕ್ಕೆ ಬಂದಿದ್ದರು. ‘ಕುರಿಗಳಂತೆ’ ಎಂಬ ಆ ಮಾತನ್ನು ಯುದ್ಧ ಮುಗಿದ ಮೇಲೆ ಜಗತ್ತು ಸತ್ತವರನ್ನು ನಿಂದಿಸಲು ಬಳಸಿಕೊಂಡಿತು. ಕೋವ್ನರ್ ಹೇಳಿದ್ದು ಸತ್ತವರನ್ನು ಕುರಿತಲ್ಲ, ಬದುಕಿದ್ದವರನ್ನು ಎಬ್ಬಿಸಲು. ಈ ವ್ಯತ್ಯಾಸವನ್ನು ದಯವಿಟ್ಟು ಮಕ್ಕಳಿಗೆ ಹೇಳಿ.

ಮೂರು ವಾರಗಳ ನಂತರ, 1942ರ ಜನವರಿ 21ರಂದು, ಅದುವರೆಗೆ ಪರಸ್ಪರ ಜಗಳವಾಡಿಕೊಂಡಿದ್ದ ಕಮ್ಯುನಿಸ್ಟರು, ಪ್ಯಾಲೆಸ್ಟೈನಿನಲ್ಲಿ ಯಹೂದಿ ನಾಡು ಬಯಸುತ್ತಿದ್ದ ಜಿಯೋನಿಸ್ಟ್ ಯುವ ಸಂಘಟನೆಯವರು ಒಂದಾಗಿ ಭೂಗತ ಪಡೆಯೊಂದನ್ನು ಕಟ್ಟಿದರು. ಆಮೇಲೆ ಬುಂದ್ ಎಂಬ ಯಹೂದಿ ಸಮಾಜವಾದಿ ಪಕ್ಷದವರೂ ಸೇರಿಕೊಂಡರು. ಆ ಪಡೆಯ ವಿತ್ಕಾ ಕೆಂಪ್ನರ್ ಎಂಬ ಯುವತಿ ಅದೇ ವರ್ಷದ ಬೇಸಿಗೆಯಲ್ಲಿ ಗೆಟ್ಟೋದಲ್ಲೇ ತಯಾರಿಸಿದ ಸ್ಫೋಟಕವನ್ನು ಹೊತ್ತು ಹೊರಗೆ ಹೋಗಿ, ರೈಲು ಹಳಿಯ ಮೇಲೆ ಇಟ್ಟು, ಜರ್ಮನ್ ರೈಲೊಂದನ್ನು ಉರುಳಿಸಿ ಬಂದರು.

ಹಾಗಾದರೆ ಎಲ್ಲರೂ ಯಾಕೆ ಹೀಗೆ ಮಾಡಲಿಲ್ಲ? ಇದಕ್ಕೆ ಉತ್ತರ ಬರ್ಲಿನ್ ನಗರದಲ್ಲಿ ಸಿಗುತ್ತದೆ. 1942ರ ಮೇ 18ರಂದು ಹರ್ಬರ್ಟ್ ಬೌಮ್ ಎಂಬವರ ನೇತೃತ್ವದ, ಹೆಚ್ಚಾಗಿ ಯಹೂದಿ ಯುವಜನರೇ ಇದ್ದ ಗುಂಪೊಂದು ನಾಜಿಗಳ ಪ್ರಚಾರ ಪ್ರದರ್ಶನಕ್ಕೆ ಬೆಂಕಿ ಇಟ್ಟಿತು. ಬೆಂಕಿ ಬೇಗ ಆರಿತು. ಅದಕ್ಕೆ ಪ್ರತೀಕಾರವಾಗಿ ನಾಜಿಗಳು ಆ ಗುಂಪಿನ ಬಹುತೇಕರನ್ನು ಕೊಂದದ್ದಲ್ಲದೆ, ಈ ಕೃತ್ಯದ ಗಂಧಗಾಳಿಯೂ ಇಲ್ಲದ 500 ಯಹೂದಿ ಗಂಡಸರನ್ನು ಹಿಡಿದು ಅವರಲ್ಲಿ ಸುಮಾರು 250 ಮಂದಿಯನ್ನು ಗುಂಡಿಕ್ಕಿ ಕೊಂದರು. ನೀವು ಒಂದು ಕಲ್ಲು ಎಸೆದರೆ ನಿಮ್ಮ ಬೀದಿಯ ಮುದುಕರನ್ನೂ ಕೂಸುಗಳನ್ನೂ ಕೊಲ್ಲುತ್ತಾರೆ ಎಂದು ಗೊತ್ತಿದ್ದಾಗ ಕಲ್ಲೆತ್ತುವ ಕೈ ತಡೆಯುತ್ತದೆ. ಅದು ಹೇಡಿತನವಲ್ಲ.

ಹಳ್ಳಿಯವರು ಕಾಪಾಡಲಿಲ್ಲವೇ ಎಂದು ಹುಡುಗ ಕೇಳಿದ್ದಾನೆ. ಜರ್ಮನರ ವಶದಲ್ಲಿದ್ದ ಪೋಲೆಂಡಿನಲ್ಲಿ 1941ರ ಅಕ್ಟೋಬರ್‌ನಿಂದ ಯಹೂದಿಗೆ ಆಶ್ರಯ ಕೊಟ್ಟವರಿಗೂ ಮರಣದಂಡನೆ ಇತ್ತು. ಆದರೂ ಆಶ್ರಯ ಕೊಟ್ಟವರಿದ್ದರು. ಹಿಡಿದುಕೊಟ್ಟು ಹಣ ಪಡೆದವರೂ ಇದ್ದರು. ಬಾಗಿಲು ತಟ್ಟುವಾಗ ಒಳಗಿರುವವರು ಎಂಥವರೆಂದು ತಿಳಿಯುವ ಉಪಾಯವಿರಲಿಲ್ಲ. ಭೂಗತನಾದವನಿಗೆ ಇಡೀ ಸೀಮೆಯೇ ತನ್ನದೆಂಬ ಭರವಸೆ ನಮ್ಮಲ್ಲಿತ್ತು. ಅಲ್ಲಿನವರಿಗೆ ಅದು ಇರಲಿಲ್ಲ.

ಇನ್ನು ವಾರ್ಸಾ. ಅಲ್ಲಿನ ಗೆಟ್ಟೋದಲ್ಲಿ 4 ಲಕ್ಷಕ್ಕೂ ಹೆಚ್ಚು ಜನರನ್ನು ಗೋಡೆಯೊಳಗೆ ಕೂಡಿಹಾಕಿದ್ದರು. 1942ರ ಜುಲೈ 22ರಿಂದ ಸೆಪ್ಟೆಂಬರ್ 21ರವರೆಗಿನ ಎರಡೇ ತಿಂಗಳಲ್ಲಿ ಸುಮಾರು 2 ಲಕ್ಷ 65 ಸಾವಿರ ಮಂದಿಯನ್ನು ರೈಲಿನಲ್ಲಿ ತುಂಬಿ ಟ್ರೆಬ್ಲಿಂಕಾದ ವಿಷಾನಿಲ ಕೊಠಡಿಗಳಿಗೆ ಕಳಿಸಿದರು. ಆ ಬಳಿಕ ಉಳಿದವರು ಸುಮಾರು 55ರಿಂದ 60 ಸಾವಿರ. ಅವರಲ್ಲಿ ಹೆಚ್ಚಿನವರು ದುಡಿಯುವ ವಯಸ್ಸಿನವರು. ಅಪ್ಪ ಅಮ್ಮ, ತಮ್ಮ ತಂಗಿಯರನ್ನು ಆಗಲೇ ಕಳೆದುಕೊಂಡವರು. ದಂಗೆ ಸಾಧ್ಯವಾದದ್ದು ಇಂಥವರಿಂದ. ಕಾಪಾಡಬೇಕಾದವರು ಯಾರೂ ಉಳಿಯದೆ ಹೋದ ಮೇಲೆ ಅವರ ಕೈಗಳು ಬಿಡುವಾದವು ಎಂದು ಹೇಳಲು ನನಗೆ ಸಂಕಟವಾಗುತ್ತದೆ, ಆದರೆ ನಡೆದದ್ದು ಹಾಗೆಯೇ.

1943ರ ಜನವರಿ 18ರಂದು ಮತ್ತೊಮ್ಮೆ ಜನರನ್ನು ಸಾಗಿಸಲು ಜರ್ಮನರು ಬಂದಾಗ, ಮೊರ್ದೆಖಾಯ್ ಅನಿಯೆಲೆವಿಚ್ ಮತ್ತು ಅವರ ಜೊತೆಗಾರರು ಕೆಲವೇ ಪಿಸ್ತೂಲುಗಳನ್ನು ಅಡಗಿಸಿಕೊಂಡು ಹೋಗುವವರ ಸಾಲಿನಲ್ಲೇ ಸೇರಿ ನಡೆದರು. ಬೀದಿಯ ತಿರುವಿನಲ್ಲಿ ಸನ್ನೆ ಸಿಕ್ಕೊಡನೆ ಕಾವಲಿನವರ ಮೇಲೆ ಗುಂಡು ಹಾರಿಸಿದರು. ಸಾಲು ಚದುರಿತು. ಆ ಗುಂಪಿನ ಬಹುತೇಕರು ಅಲ್ಲೇ ಸತ್ತರು, ಆದರೆ ನಾಲ್ಕು ದಿನಗಳಲ್ಲಿ ಸಾಗಣೆ ನಿಂತಿತು. ಏಪ್ರಿಲ್ 19ರಂದು, ಯಹೂದಿಗಳ ಪಾಸ್‌ಓವರ್ ಹಬ್ಬದ ಮುನ್ನಾದಿನ, ಜರ್ಮನ್ ಪಡೆ ಗೆಟ್ಟೋವನ್ನು ಪೂರ್ತಿ ತೆರವು ಮಾಡಲು ಬಂದಾಗ ಸುಮಾರು 750 ಹೋರಾಟಗಾರರು ಎದುರು ನಿಂತರು. ಅವರ ಬಳಿ ಇದ್ದದ್ದು ಪಿಸ್ತೂಲು, ಕೈಯಲ್ಲೇ ಮಾಡಿದ ಬಾಂಬು, ಕೆಲವು ಬಂದೂಕು. ಎದುರಿಸಲಾಗದೆ ಜರ್ಮನರು ಕಡೆಗೆ ಮನೆಮನೆಗೂ ಬೆಂಕಿ ಹಚ್ಚುತ್ತ ಬಂದರು. ಮೇ 8ರಂದು ಮಿವಾ ಬೀದಿಯ 18ನೆಯ ಸಂಖ್ಯೆಯ ನೆಲಮಾಳಿಗೆಯಲ್ಲಿ ಅನಿಯೆಲೆವಿಚ್ ಸತ್ತರು. ಅವರಿಗೆ 24 ವರ್ಷ. ಎರಡು ದಿನಗಳ ಬಳಿಕ ಝಿವಿಯಾ ಲುಬೆಟ್ಕಿನ್, ಮಾರೆಕ್ ಎಡೆಲ್‌ಮನ್ ಮೊದಲಾದ ಕೆಲವರು ಒಳಚರಂಡಿಯ ಕೊಳವೆಗಳಲ್ಲಿ ನಡೆದು ಹೊರಬಿದ್ದರು. ಅವರನ್ನು ಹೊರಗೆ ತಂದ ಸಿಮ್ಖಾ ರೋತೆಮ್ ಆಗ ಹದಿಹರೆಯವನ್ನು ಇನ್ನೇನು ದಾಟುತ್ತಿದ್ದ ಹುಡುಗ.

ಹಸ್ತಪ್ರತಿ ಉತ್ತರಿಸಿದ್ದು:

ಮೇಲಿನ ಹಿರಿಯರು ಬರೆದಿರುವುದೆಲ್ಲ ಸರಿಯಾಗಿದೆ. ಆದರೆ ಮಕ್ಕಳಿಗೆ ಪಿಸ್ತೂಲಿನ ಕಥೆಯನ್ನಷ್ಟೇ ಹೇಳಿದರೆ, ಪಿಸ್ತೂಲು ಹಿಡಿಯದವರು ಸುಮ್ಮನೆ ಹೋದರು ಎಂಬ ಭಾವನೆ ಇನ್ನೂ ಗಟ್ಟಿಯಾಗುತ್ತದೆ ಎಂಬ ಆತಂಕ ನನಗಿದೆ. ವಾರ್ಸಾದ ದಂಗೆಯಲ್ಲಿ ಬದುಕುಳಿದು, ಮುಂದೆ ಪೋಲೆಂಡಿನಲ್ಲೇ ಹೃದಯರೋಗ ತಜ್ಞರಾಗಿ ಬಾಳಿದ ಮಾರೆಕ್ ಎಡೆಲ್‌ಮನ್ ಇದನ್ನು ಕೊನೆಯವರೆಗೂ ವಿರೋಧಿಸಿದರು. ಗುಂಡು ಹಾರಿಸುತ್ತ ಸಾಯುವುದಕ್ಕಿಂತ, ಮಗುವಿನ ಕೈಹಿಡಿದು ಶಾಂತವಾಗಿ ಆ ರೈಲಿನ ಕಡೆಗೆ ನಡೆಯುವುದು ಹೆಚ್ಚು ಕಷ್ಟದ್ದು ಎಂಬುದು ಅವರ ನಿಲುವಾಗಿತ್ತು. ಸ್ವತಃ ಬಂದೂಕು ಹಿಡಿದಿದ್ದವರು ಹೇಳಿದ ಮಾತಾದ್ದರಿಂದ ಅದಕ್ಕೆ ತೂಕವಿದೆ.

ಗೆಟ್ಟೋದಿಂದ ಗೆಟ್ಟೋಗೆ ಸುದ್ದಿ ತಲುಪಿಸುತ್ತಿದ್ದವರು ಬಹುಪಾಲು ಹುಡುಗಿಯರು. ಯಹೂದಿಗಳಿಗೆ ರೈಲು ಪ್ರಯಾಣ ನಿಷೇಧವಾಗಿತ್ತು, ಸಿಕ್ಕಿಬಿದ್ದರೆ ಸಾವು. ಹುಡುಗರನ್ನು ಬಟ್ಟೆ ಬಿಚ್ಚಿಸಿ ನೋಡಿದರೆ ಸುನ್ನತಿಯಿಂದ ಗುರುತು ಹಿಡಿಯಬಹುದಿತ್ತು. ಅಲ್ಲದೆ ಅನೇಕ ಯಹೂದಿ ಮನೆಗಳಲ್ಲಿ ಹುಡುಗರನ್ನು ಧಾರ್ಮಿಕ ಪಾಠಶಾಲೆಗೂ ಹುಡುಗಿಯರನ್ನು ಊರಿನ ಪೋಲಿಷ್ ಶಾಲೆಗೂ ಕಳಿಸುತ್ತಿದ್ದುದರಿಂದ ಹುಡುಗಿಯರ ಪೋಲಿಷ್ ಉಚ್ಚಾರಣೆಯಲ್ಲಿ ಅನುಮಾನಕ್ಕೆ ಎಡೆ ಇರುತ್ತಿರಲಿಲ್ಲ. ಅವರು ಕೂದಲಿಗೆ ಹೊಂಬಣ್ಣ ಹಚ್ಚಿ, ಕ್ರೈಸ್ತ ಹೆಸರಿಟ್ಟುಕೊಂಡು, ಬುಟ್ಟಿಯ ಆಲೂಗಡ್ಡೆಯ ಅಡಿಯಲ್ಲಿ ಪಿಸ್ತೂಲನ್ನೂ ಒಳ ಉಡುಪಿನ ಹೊಲಿಗೆಯಲ್ಲಿ ಹಣವನ್ನೂ ಇಟ್ಟು ಸಾಗಿಸಿದರು. ಅವರಲ್ಲೊಬ್ಬರಾದ ಬೇಲಾ ಹಜಾನ್ ಪೋಲಿಷ್ ಹೆಸರಿನಲ್ಲಿ ಗ್ರೋದ್ನೋ ಊರಿನ ಗೆಸ್ಟಾಪೋ ಎಂಬ ನಾಜಿ ಗುಪ್ತ ಪೊಲೀಸರ ಕಚೇರಿಯಲ್ಲೇ ಕೆಲಸಕ್ಕೆ ಸೇರಿದ್ದರು. 1941ರ ಕ್ರಿಸ್‌ಮಸ್ ಕೂಟದಲ್ಲಿ ಅವರ ಜೊತೆ ಲೋಂಕಾ ಮತ್ತು ತೇಮಾ ಎಂಬ ಇನ್ನಿಬ್ಬರು ದೂತೆಯರೂ ಇದ್ದರು. ಮೂವರೂ ಒಟ್ಟಿಗೆ ನಿಂತು ತೆಗೆಸಿಕೊಂಡ ಚಿತ್ರ ಇಂದಿಗೂ ಉಳಿದಿದೆ. ಆ ಮೂವರಲ್ಲಿ ಯುದ್ಧದ ಕೊನೆ ಕಂಡವರು ಬೇಲಾ ಒಬ್ಬರೇ, ಅದೂ ಆಶ್ವಿಟ್ಜ್ ಎಂಬ ಸಾವಿನ ಶಿಬಿರವನ್ನು ಹಾದು.

ನಿಮ್ಮ ಮಕ್ಕಳ ವಯಸ್ಸಿನವರ ಮಾತಿಗೆ ಬರುತ್ತೇನೆ. ವಿಲ್ನಾ ಗೆಟ್ಟೋದಲ್ಲಿ ಇಟ್ಸ್‌ಖೋಕ್ ರುದಾಶೆವ್‌ಸ್ಕಿ ಎಂಬ ಹುಡುಗ ದಿನಚರಿ ಬರೆಯುತ್ತಿದ್ದ. 1942ರ ಡಿಸೆಂಬರ್‌ನಲ್ಲಿ, ಅವನಿಗೆ 15 ತುಂಬಿದ ವಾರದಲ್ಲೇ, ಗೆಟ್ಟೋದ ಗ್ರಂಥಾಲಯ ಓದುಗರಿಗೆ ಒಂದು ಲಕ್ಷನೆಯ ಪುಸ್ತಕ ಎರವಲು ಕೊಟ್ಟದ್ದನ್ನು ಸಮಾರಂಭ ಮಾಡಿ ಆಚರಿಸಿದರು. ಅವನು ಸಂಭ್ರಮದಿಂದ ಅದನ್ನು ಬರೆದುಕೊಂಡಿದ್ದಾನೆ. ಹೊರಗೆ ಪೊನಾರಿಯ ಗುಂಡಿಗಳು, ಒಳಗೆ ಪುಸ್ತಕಕ್ಕಾಗಿ ಸಾಲು ನಿಂತ ಜನ! 1943ರ ಶರತ್ಕಾಲದಲ್ಲಿ ಅವನನ್ನೂ ಅದೇ ಪೊನಾರಿಯಲ್ಲಿ ಕೊಂದರು. ಕಾಡು ಸೇರಿ ಬದುಕಿದ ಸೋದರಸಂಬಂಧಿ ಹುಡುಗಿ ಮರಳಿ ಬಂದು ಅಡಗುತಾಣದಲ್ಲಿ ಆ ದಿನಚರಿಯನ್ನು ಹುಡುಕಿ ತೆಗೆದಳು.

ಚೆಕ್ ನಾಡಿನ ತೆರೆಜಿನ್ ಗೆಟ್ಟೋದಲ್ಲಿ ಹದಿಮೂರು ಹದಿನಾಲ್ಕರ ಹುಡುಗರು ‘ವೇದೆಮ್’ ಎಂಬ ವಾರಪತ್ರಿಕೆ ನಡೆಸಿದರು. ಇರುತ್ತಿದ್ದದ್ದು ಒಂದೇ ಪ್ರತಿ. ಶುಕ್ರವಾರ ಸಂಜೆ ಎಲ್ಲರೂ ಮಂಚಗಳ ಸುತ್ತ ಕೂತು ಅದನ್ನು ಗಟ್ಟಿಯಾಗಿ ಓದಿ ಕೇಳುತ್ತಿದ್ದರು. ಮೊದಮೊದಲು ಬೆರಳಚ್ಚು ಮಾಡುತ್ತಿದ್ದರು, ಅದು ಸಾಧ್ಯವಾಗದೆ ಹೋದಾಗ ಕೈಯಲ್ಲೇ ಬರೆದರು. ಸಂಪಾದಕ ಪೀಟರ್ ಗಿಂಜ್ ಎಂಬ ಹುಡುಗ. ಅವನನ್ನು 16ನೆಯ ವಯಸ್ಸಿನಲ್ಲಿ ಆಶ್ವಿಟ್ಜ್‌ಗೆ ಕಳಿಸಿ ಕೊಂದರು. ಕೊನೆಗೆ ಉಳಿದ ಹುಡುಗನೊಬ್ಬ ಕಮ್ಮಾರನ ಕೊಟ್ಟಿಗೆಯಲ್ಲಿ ಹೂತಿಟ್ಟದ್ದರಿಂದ ಆ ಪತ್ರಿಕೆಯ ಸುಮಾರು 800 ಪುಟಗಳು ನಮಗೆ ದಕ್ಕಿವೆ. ಚಂದ್ರನ ಮೇಲೆ ನಿಂತು ಭೂಮಿಯನ್ನು ನೋಡಿದರೆ ಹೇಗಿರುತ್ತದೆ ಎಂದು ಊಹಿಸಿ ಪೀಟರ್ ಬಿಡಿಸಿದ ಚಿತ್ರದ ಪ್ರತಿಯೊಂದನ್ನು ಇಸ್ರೇಲಿನ ಗಗನಯಾತ್ರಿ ಇಲಾನ್ ರಮೋನ್ 2003ರಲ್ಲಿ ಕೊಲಂಬಿಯಾ ನೌಕೆಯಲ್ಲಿ ತೆಗೆದುಕೊಂಡು ಹೋಗಿದ್ದರು. ನಮ್ಮ ಕಲ್ಪನಾ ಚಾವ್ಲಾ ಇದ್ದದ್ದೂ ಅದೇ ನೌಕೆಯಲ್ಲಿ. ಅದು ಒಡೆದು ಬಿದ್ದ ಫೆಬ್ರವರಿ 1 ಪೀಟರ್ ಹುಟ್ಟಿದ ದಿನ. ಬದುಕಿದ್ದರೆ ಅವನಿಗೆ ಅಂದು 75 ತುಂಬುತ್ತಿತ್ತು.

ವಾರ್ಸಾದಲ್ಲಿ ಇತಿಹಾಸಕಾರ ಎಮಾನುಯೆಲ್ ರಿಂಗೆಲ್‌ಬ್ಲುಮ್ ಗುಟ್ಟಾಗಿ ಕಟ್ಟಿದ ದಫ್ತರದ ಮೊದಲ ಕಂತನ್ನು 1942ರ ಆಗಸ್ಟ್ ಮೊದಲ ವಾರದಲ್ಲಿ ಶಾಲೆಯೊಂದರ ನೆಲದಡಿ ಹೂತವರಲ್ಲಿ ಇಬ್ಬರು 18, 19ರ ಹುಡುಗರು. ಅವರಲ್ಲಿ ದಾವಿದ್ ಗ್ರಾಬರ್ ಎಂಬವನು ಕೊನೆಯ ಗಳಿಗೆಯಲ್ಲಿ ತಾನೂ ಒಂದು ಹಾಳೆ ಬರೆದು ಆ ತಗಡಿನ ಪೆಟ್ಟಿಗೆಗಳಿಗೆ ಸೇರಿಸಿದ. ಜಗತ್ತಿಗೆ ಕೂಗಿ ಹೇಳಲಾಗದ್ದನ್ನು ಮಣ್ಣಿನಲ್ಲಿ ಹೂತಿದ್ದೇವೆ ಎಂಬ ಅರ್ಥದ ಮಾತು ಅದರಲ್ಲಿದೆ. 1946ರ ಸೆಪ್ಟೆಂಬರ್‌ನಲ್ಲಿ ಕಲ್ಲುಮಣ್ಣಿನ ರಾಶಿಯನ್ನು ಅಗೆದು ಆ ಪೆಟ್ಟಿಗೆಗಳನ್ನು ಹೊರತೆಗೆದರು. ಇಂದು ನಮಗೆ ಗೆಟ್ಟೋದ ಬಗ್ಗೆ ತಿಳಿದಿರುವುದರಲ್ಲಿ ಬಹಳಷ್ಟು ಆ ಹುಡುಗರು ತೋಡಿದ ಗುಂಡಿಯಿಂದ ಬಂದದ್ದು.

ಪ್ರೌಢಶಾಲೆ ಟೀಚರ್:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ಇದರಲ್ಲಿ ಒಂದಿಷ್ಟನ್ನು ತರಗತಿಯಲ್ಲಿ ಓದಿ ಹೇಳಿದೆ. ಅದೇ ಹುಡುಗ ಈಗ ಇನ್ನೊಂದು ಪ್ರಶ್ನೆ ಕೇಳಿದ್ದಾನೆ: ‘ಅಪ್ಪ ಅಮ್ಮ ಬದುಕಿದ್ದವರು ಏನು ಮಾಡಿದರು? ಅವರನ್ನು ಬಿಟ್ಟು ಓಡಿಹೋದರೇ?’ ಅವನಿಗೆ ತಾಯಿ ಮಾತ್ರ ಇದ್ದಾರೆ ಎಂಬುದು ನನಗೆ ಗೊತ್ತು. ಆದ್ದರಿಂದ ಈ ಪ್ರಶ್ನೆಗೆ ಎಚ್ಚರದಿಂದ ಉತ್ತರ ಹೇಳಬೇಕಾಗಿದೆ.

ಲೂವೆನ್‌ನಿಂದ ಓದುಗ ಉತ್ತರಿಸಿದ್ದು:

ಟೀಚರ್, ನಾನು ಕೆಲಸದ ನಿಮಿತ್ತ ಬೆಲ್ಜಿಯಮ್ಮಿನ ಲೂವೆನ್ ಎಂಬ ಊರಿನಲ್ಲಿದ್ದೇನೆ. ಇಲ್ಲಿಂದ ರೈಲಿನಲ್ಲಿ ಸ್ವಲ್ಪ ದೂರದಲ್ಲಿ ಮೆಖೆಲೆನ್ ಪಟ್ಟಣವಿದೆ. ಅಲ್ಲಿನ ದೋಸಿನ್ ಎಂಬ ಸೇನಾ ವಸತಿಯಲ್ಲಿ ಕೂಡಿಹಾಕಿ, ಬೆಲ್ಜಿಯಮ್ಮಿನ 25 ಸಾವಿರಕ್ಕೂ ಹೆಚ್ಚು ಯಹೂದಿಗಳನ್ನು ಪೂರ್ವಕ್ಕೆ ಸಾಗಿಸಿದರು. ಆ ರೈಲುಗಳು ಹೋದ ಹಳಿಯ ಮೇಲೆಯೇ ನಾನು ಓಡಾಡುತ್ತೇನೆ.

1943ರ ಏಪ್ರಿಲ್ 19ರ ರಾತ್ರಿ, ಅಂದರೆ ವಾರ್ಸಾದ ದಂಗೆ ಆರಂಭವಾದ ಅದೇ ದಿನ, ಇಲ್ಲಿಂದ ಇಪ್ಪತ್ತನೆಯ ಸಾಗಣೆಯ ರೈಲು 1,631 ಜನರನ್ನು ಹೊತ್ತು ಹೊರಟಿತು. ಯೂರಾ ಲಿವ್‌ಶಿಟ್ಜ್ ಎಂಬ 25 ವರ್ಷದ ಯಹೂದಿ ವೈದ್ಯರೂ ಅವರ ಇಬ್ಬರು ಗೆಳೆಯರೂ ಬೋರ್ಟ್‌ಮೇರ್‌ಬೇಕ್ ಹತ್ತಿರ ಅದನ್ನು ತಡೆದರು. ಮೂವರ ಬಳಿ ಇದ್ದದ್ದು ಒಂದು ಪಿಸ್ತೂಲು, ತಂತಿ ಕತ್ತರಿಸುವ ಇಕ್ಕಳ, ಒಂದು ಲಾಟೀನು. ಲಾಟೀನಿಗೆ ಕೆಂಪು ಕಾಗದ ಸುತ್ತಿ ಹಳಿಗಳ ನಡುವೆ ಇಟ್ಟರು. ಚಾಲಕ ಅದನ್ನು ಅಪಾಯದ ಸಂಕೇತವೆಂದು ತಿಳಿದು ರೈಲು ನಿಲ್ಲಿಸಿದ. ಕಾವಲಿನವರ ಗುಂಡುಗಳ ನಡುವೆ ಅವರಲ್ಲೊಬ್ಬರು ಒಂದು ಡಬ್ಬಿಯ ಬಾಗಿಲು ತೆರೆದು 17 ಮಂದಿಯನ್ನು ಇಳಿಸಿದರು. ಅದೇ ರಾತ್ರಿ ಬೇರೆ ಡಬ್ಬಿಗಳಲ್ಲೂ ಜನ ತಾವಾಗಿಯೇ ಬಾಗಿಲು, ಕಿಟಕಿಯ ಸರಳುಗಳನ್ನು ಮುರಿದು ಹಾರಿದರು. ಹಾರಿದವರು ಒಟ್ಟು 230ಕ್ಕೂ ಹೆಚ್ಚು. ಅವರಲ್ಲಿ ಅರ್ಧದಷ್ಟು ಮಂದಿ ತಪ್ಪಿಸಿಕೊಂಡರು, ಉಳಿದವರು ಸತ್ತರು ಅಥವಾ ಮತ್ತೆ ಸಿಕ್ಕಿಬಿದ್ದರು. ಲಿವ್‌ಶಿಟ್ಜ್ ಅವರನ್ನು ಆಮೇಲೆ ಹಿಡಿದು, ಮರುವರ್ಷ ಗುಂಡಿಕ್ಕಿ ಕೊಂದರು.

ಆ ರೈಲಿನಲ್ಲಿ ಸಿಮೋನ್ ಗ್ರೊನೋವ್‌ಸ್ಕಿ ಎಂಬ 11 ವರ್ಷದ ಹುಡುಗ ತಾಯಿಯ ಜೊತೆ ಇದ್ದ. ರೈಲು ಮತ್ತೆ ಹೊರಟ ಮೇಲೆ ಅವರ ಡಬ್ಬಿಯ ಬಾಗಿಲನ್ನೂ ಒಳಗಿದ್ದವರು ತೆರೆದರು. ತಾಯಿ ಅವನ ಅಂಗಿಯನ್ನೂ ಭುಜವನ್ನೂ ಹಿಡಿದು ಬಾಗಿಲಾಚೆಯ ಮೆಟ್ಟಿಲಿನ ಮೇಲೆ ಇಳಿಸಿದರು. ರೈಲು ತುಂಬ ಜೋರಾಗಿ ಹೋಗುತ್ತಿದೆ ಎಂದು ಯಹೂದಿಗಳ ಮನೆಮಾತಾದ ಯಿಡ್ಡಿಶ್‌ನಲ್ಲಿ ಹೇಳಿದರು. ಅವನು ಕೇಳಿದ ತಾಯಿಯ ಕೊನೆಯ ಮಾತು ಅದು. ವೇಗ ಸ್ವಲ್ಪ ತಗ್ಗಿದೊಡನೆ ಅವನು ಹಾರಿದ. ಹಾರಿದವನು ಓಡಿಹೋಗಲಿಲ್ಲ, ತಾಯಿಯೂ ಇಳಿಯುತ್ತಾರೆಂದು ಹಳಿಯ ಪಕ್ಕದಲ್ಲೇ ನಿಂತ. ರೈಲು ನಿಂತಿತು, ಕಾವಲಿನವರು ಗುಂಡು ಹಾರಿಸುತ್ತ ಇವನತ್ತ ಬಂದರು. ಆಗ ಮಾತ್ರ ಅವನು ಕಾಡಿನ ಕಡೆಗೆ ಓಡಿದ. ರಾತ್ರಿಯೆಲ್ಲ ನಡೆದು, ಬೆಳಗ್ಗೆ ಮೈಯೆಲ್ಲ ಕೆಸರಾಗಿ ಒಂದು ಮನೆಯ ಬಾಗಿಲು ತಟ್ಟಿದ. ಆಟವಾಡುತ್ತ ದಾರಿ ತಪ್ಪಿದೆ ಎಂದು ಸುಳ್ಳು ಹೇಳಿದ. ಆ ಮನೆಯಾಕೆ ಅವನನ್ನು ಊರಿನ ಪೊಲೀಸನ ಬಳಿಗೆ ಕರೆದುಕೊಂಡು ಹೋದರು. ಯಾನ್ ಆರ್ಟ್ಸ್ ಎಂಬ ಆ ಪೊಲೀಸನಿಗೆ ನೋಡಿದ ಕೂಡಲೇ ಎಲ್ಲ ತಿಳಿಯಿತು, ಆದರೂ ಹಿಡಿದುಕೊಡಲಿಲ್ಲ. ಹುಡುಗನಿಗೆ ಊಟ ಹಾಕಿ, ಬ್ರಸೆಲ್ಸ್ ರೈಲು ಹತ್ತಿಸಿದರು. 1944ರ ಸೆಪ್ಟೆಂಬರ್‌ನಲ್ಲಿ ಬ್ರಸೆಲ್ಸ್ ಬಿಡುಗಡೆಯಾಗುವವರೆಗೆ ಅವನು ಕ್ಯಾಥೊಲಿಕ್ ಮನೆಗಳಲ್ಲಿ ಅಡಗಿದ್ದ. ತಾಯಿಯನ್ನೂ, ಬೇರೊಂದು ರೈಲಿನಲ್ಲಿ ಹೋದ ಅಕ್ಕನನ್ನೂ ಆಶ್ವಿಟ್ಜ್‌ನಲ್ಲಿ ಕೊಂದರು.

ನಿಮ್ಮ ಹುಡುಗನಿಗೆ ಇದನ್ನು ಹೇಳಬಹುದು ಎಂದು ನನಗನ್ನಿಸುತ್ತದೆ. ಸಿಮೋನ್ ತಾಯಿಯನ್ನು ಬಿಟ್ಟು ಓಡಿದವನಲ್ಲ, ತಾಯಿ ತಮ್ಮ ಕೈಯಾರೆ ಇಳಿಸಿ ಕಳಿಸಿದ ಮಗ. ಮುಂದೆ ಅವರು ವಕೀಲರಾದರು. ಅಕ್ಕ ಪಿಯಾನೋದಲ್ಲಿ ಜಾಜ್ ನುಡಿಸುತ್ತಿದ್ದಳೆಂದು ತಾವೂ ಅದನ್ನು ಕಲಿತರು. 2020ರಲ್ಲಿ ಕೊರೊನಾದಿಂದ ಊರೆಲ್ಲ ಮನೆಯೊಳಗಿದ್ದಾಗ, ಎಂಬತ್ತರ ಕೊನೆಯ ವರ್ಷಗಳಲ್ಲಿದ್ದ ಅವರು ಬ್ರಸೆಲ್ಸ್‌ನ ತಮ್ಮ ಮನೆಯ ಕಿಟಕಿ ತೆರೆದಿಟ್ಟು ನೆರೆಹೊರೆಯವರಿಗಾಗಿ ಪಿಯಾನೋ ನುಡಿಸಿದರು.

ನಿವೃತ್ತ ಉಪನ್ಯಾಸಕ:

ಬೆಲ್ಜಿಯಮ್ಮಿನ ಸ್ನೇಹಿತರು ಬರೆದದ್ದನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಅಪ್ಪ ಅಮ್ಮನ ಪ್ರಶ್ನೆಗೆ ನನ್ನದೊಂದು ಸಣ್ಣ ಸೇರ್ಪಡೆ ಇದೆ. ಸೋವಿಯತ್ ಗೆರಿಲ್ಲಾ ಪಡೆಗಳು ಸಾಮಾನ್ಯವಾಗಿ ಆಯುಧವಿಲ್ಲದವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಅಜ್ಜ ಅಜ್ಜಿ, ಕೂಸುಗಳೊಡನೆ ಕಾಡಿಗೆ ಬಂದವರಿಗೆ ಅಲ್ಲಿ ಜಾಗವಿರಲಿಲ್ಲ. ಇಂದಿನ ಬೆಲಾರುಸ್‌ನ ನಲಿಬೋಕಿ ಕಾಡಿನಲ್ಲಿ ಬೀಲ್‌ಸ್ಕಿ ಸಹೋದರರು ಇದಕ್ಕೆ ತದ್ವಿರುದ್ಧವಾದ ನಿಯಮ ಮಾಡಿದರು. ಬಂದ ಯಾವ ಯಹೂದಿಯನ್ನೂ ಅವರು ಹಿಂದಕ್ಕೆ ಕಳಿಸಲಿಲ್ಲ. ಹತ್ತು ಶತ್ರುಗಳನ್ನು ಕೊಲ್ಲುವುದಕ್ಕಿಂತ ಒಬ್ಬ ಯಹೂದಿ ಮುದುಕಿಯನ್ನು ಉಳಿಸುವುದು ಮೇಲು ಎಂಬುದು ಹಿರಿಯ ಸಹೋದರ ತುವಿಯಾ ಅವರ ನಿಲುವು. ಕಾಡಿನ ನಡುವೆ ಬೇಕರಿ, ಚರ್ಮ ಹದಮಾಡುವ ಕೊಟ್ಟಿಗೆ, ಚಪ್ಪಲಿ ಹೊಲಿಯುವವರು, ಮಕ್ಕಳಿಗೆ ಶಾಲೆ ಎಲ್ಲವೂ ಇತ್ತು. 1944ರ ಬೇಸಿಗೆಯಲ್ಲಿ ಆ ಕಾಡಿನಿಂದ ಸುಮಾರು 1,200 ಮಂದಿ ಜೀವಂತವಾಗಿ ಹೊರಬಂದರು. ಸಹೋದರರಲ್ಲಿ ಕಿರಿಯವನಾದ ಆರೋನ್ ಕಾಡು ಸೇರಿದಾಗ ನಿಮ್ಮ ವಿದ್ಯಾರ್ಥಿಗಳಿಗಿಂತ ದೊಡ್ಡವನೇನಲ್ಲ.

ಎಲ್ಲ ಕಡೆಯೂ ಹೀಗಾಗಲಿಲ್ಲ ಎಂಬುದನ್ನೂ ಮುಚ್ಚಿಡಬೇಡಿ. ವಿಲ್ನಾದ ಭೂಗತ ಪಡೆಯ ಮುಖ್ಯಸ್ಥ ಇಟ್ಸ್‌ಹಾಕ್ ವಿಟ್ಟೆನ್‌ಬರ್ಗ್ ಅವರನ್ನು ಒಪ್ಪಿಸದಿದ್ದರೆ ಇಡೀ ಗೆಟ್ಟೋವನ್ನು ನಾಶ ಮಾಡುವ ಬೆದರಿಕೆ ಬಂದಾಗ, ಗೆಟ್ಟೋದ ಜನರೇ ಅವರು ಶರಣಾಗಲಿ ಎಂದು ಒತ್ತಾಯಿಸಿದರು. 1943ರ ಜುಲೈ 16ರಂದು ಅವರು ಮುಖ್ಯಸ್ಥನ ಹೊಣೆಯನ್ನು ಕೋವ್ನರ್‌ಗೆ ಒಪ್ಪಿಸಿ ತಾವಾಗಿಯೇ ಗೇಟಿನ ಕಡೆಗೆ ನಡೆದರು. ಗೆಸ್ಟಾಪೋ ಬಂಧನದಲ್ಲೇ ಸತ್ತರು.

ಅಚ್ಚುಕೂಟದವನು ಉತ್ತರಿಸಿದ್ದು:

ನಾನು ಇತಿಹಾಸ ಓದಿದವನಲ್ಲ. ಮೊಳೆ ಜೋಡಿಸುವ ಕಾಲದಿಂದಲೂ ಮುದ್ರಣಾಲಯದಲ್ಲಿದ್ದವನು. ಹಾಗಾಗಿ ಈ ವಿಷಯದಲ್ಲಿ ನನ್ನ ಮನಸ್ಸಿಗೆ ಹತ್ತಿರವಾದ ಒಬ್ಬ ಹುಡುಗನ ಬಗ್ಗೆ ಮಾತ್ರ ಹೇಳುತ್ತೇನೆ.

ಅಡೋಲ್ಫೋ ಕಾಮಿನ್‌ಸ್ಕಿ 1925ರಲ್ಲಿ ಅರ್ಜೆಂಟೀನಾದಲ್ಲಿ ಹುಟ್ಟಿ ಫ್ರಾನ್ಸ್‌ನಲ್ಲಿ ಬೆಳೆದವರು. ಓದು ಅರ್ಧಕ್ಕೆ ಬಿಟ್ಟು ಬಟ್ಟೆಗೆ ಬಣ್ಣ ಹಾಕುವವನೊಬ್ಬನ ಬಳಿ ಕೆಲಸಕ್ಕೆ ನಿಂತರು. ಯಾವ ಕಲೆ ಯಾವುದರಿಂದ ಹೋಗುತ್ತದೆ ಎಂಬುದು ಅವರಿಗೆ ಹುಚ್ಚಿನಂತೆ ಹಿಡಿದಿತ್ತು. ಹಾಲಿನ ಡೇರಿಯೊಂದರಲ್ಲೂ ಸ್ವಲ್ಪ ಕಾಲ ಕೆಲಸ ಮಾಡಿದರು. ಅಲ್ಲಿ ಕೆನೆಯ ಗುಣಮಟ್ಟ ನೋಡಲು ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಹಾಕಿ, ಹುಳಿಯಲ್ಲಿರುವ ಲ್ಯಾಕ್ಟಿಕ್ ಆಮ್ಲ ಆ ಬಣ್ಣವನ್ನು ಎಷ್ಟು ಹೊತ್ತಿನಲ್ಲಿ ಅಳಿಸುತ್ತದೆ ಎಂದು ಗಡಿಯಾರ ಹಿಡಿದು ನೋಡುತ್ತಿದ್ದರು. 1943ರಲ್ಲಿ ಅವರ ಕುಟುಂಬವನ್ನು ಪ್ಯಾರಿಸ್ ಹೊರವಲಯದ ದ್ರಾನ್ಸಿ ಶಿಬಿರಕ್ಕೆ ಹಾಕಿದರು. ಅರ್ಜೆಂಟೀನಾದ ಪೌರತ್ವವಿದ್ದುದರಿಂದ ಬಿಡುಗಡೆಯಾಯಿತು. ಹೊರಬಂದ ಮೇಲೆ ಸುಳ್ಳು ಗುರುತುಪತ್ರಕ್ಕಾಗಿ ಭೂಗತ ಸಂಘಟನೆಯವರನ್ನು ಭೇಟಿಯಾದಾಗ, ವಾಟರ್‌ಮನ್ ಕಂಪನಿಯ ನೀಲಿ ಶಾಯಿಯನ್ನು ಅಳಿಸಲಾಗದೆ ಒದ್ದಾಡುತ್ತಿದ್ದೇವೆ ಎಂದು ಅವರು ಹೇಳಿದರು. ಹುಡುಗ ತಕ್ಷಣ ‘ಲ್ಯಾಕ್ಟಿಕ್ ಆಮ್ಲ ಹಾಕಿ’ ಎಂದ. ಆ ಶಾಯಿಯಲ್ಲಿದ್ದದ್ದೂ ಅದೇ ಮೆಥಿಲೀನ್ ಬ್ಲೂ! ಹೀಗೆ 18ನೆಯ ವಯಸ್ಸಿಗೆ ಅವರು ಪ್ಯಾರಿಸ್ಸಿನ ಗುಪ್ತ ಪ್ರಯೋಗಶಾಲೆಯ ಮುಖ್ಯ ಕೈಯಾದರು. ಅಟ್ಟದ ಮೇಲಿನ ಆ ಕೋಣೆ ಹೊರಗಿನವರಿಗೆ ಚಿತ್ರಕಾರರ ಕೋಣೆ. ಒಳಗೆ ನಡೆಯುತ್ತಿದ್ದದ್ದು ಗುರುತುಪತ್ರಗಳ ಮೇಲಿನ ‘ಯಹೂದಿ’ ಮೊಹರು ಅಳಿಸುವ, ಹೊಸ ಹೆಸರು ಬರೆಯುವ, ರಬ್ಬರ್ ಸ್ಟಾಂಪು ಕೊರೆಯುವ, ಕಾಗದವನ್ನು ಹಳೆಯದರಂತೆ ಕಾಣಿಸುವ ಕೆಲಸ. ಸೈಕಲ್ ಚಕ್ರವನ್ನು ತಿರುಗಿಸಿ ಅಚ್ಚಿನ ತಗಡಿಗೆ ರಾಸಾಯನಿಕ ಸಮನಾಗಿ ಹರಡುವಂತೆ ಮಾಡಿದ್ದರು. ಆ ಕೆಲಸದ ನಾಜೂಕು ಗೊತ್ತಿರುವ ನನಗೆ ಇದನ್ನು ಓದಿದಾಗ ಕೈಯೆತ್ತಿ ಮುಗಿಯಬೇಕೆನ್ನಿಸಿತು.

ಒಮ್ಮೆ 300 ಮಕ್ಕಳಿಗೆ ಮೂರೇ ದಿನಗಳಲ್ಲಿ ಪತ್ರಗಳು ಬೇಕು ಎಂಬ ಸುದ್ದಿ ಬಂತು. ಜನನ ಪತ್ರ, ಕ್ರೈಸ್ತ ದೀಕ್ಷೆಯ ಪತ್ರ, ಪಡಿತರ ಚೀಟಿ ಎಲ್ಲ ಸೇರಿ 900ಕ್ಕೂ ಹೆಚ್ಚು ಕಾಗದಗಳು. ಒಂದು ಗಂಟೆಗೆ 30 ಕಾಗದ ಮಾಡಬಲ್ಲೆ, ಒಂದು ಗಂಟೆ ಮಲಗಿದರೆ 30 ಜನ ಸಾಯುತ್ತಾರೆ ಎಂದು ಲೆಕ್ಕ ಹಾಕಿ ಅವರು ನಿದ್ದೆಗೆಟ್ಟು ಕೂತು ಮುಗಿಸಿದರು. ಈ ಕೆಲಸಕ್ಕೆ ಒಂದು ಕಾಸೂ ತೆಗೆದುಕೊಳ್ಳಲಿಲ್ಲ. 2023ರ ಜನವರಿಯಲ್ಲಿ, 97ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಪ್ರೌಢಶಾಲೆ ಟೀಚರ್:

ಶನಿವಾರದ ಅವಧಿ ಮುಗಿಸಿ ಬಂದು ಇದನ್ನು ಬರೆಯುತ್ತಿದ್ದೇನೆ. ಸಿಮೋನ್ ಕಥೆಯನ್ನು ಮೊದಲು ಹೇಳಿದೆ. ಆ ಹುಡುಗ ಏನೂ ಮಾತಾಡಲಿಲ್ಲ, ನಾನೂ ಕೇಳಲಿಲ್ಲ.

ಆಮೇಲೆ ಅಚ್ಚುಕೂಟದ ಹಿರಿಯರು ಬರೆದ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದೆ. ಗಂಟೆಗೆ 30 ಎಂದರೆ ಒಂದು ಪತ್ರಕ್ಕೆ ಎರಡು ನಿಮಿಷ. ನಮ್ಮ ಶಾಲೆಯ ವರ್ಗಾವಣೆ ಪತ್ರದ ಖಾಲಿ ನಮೂನೆಯ ಜೆರಾಕ್ಸ್ ಪ್ರತಿಗಳನ್ನು ಹಂಚಿ, ನಿಮ್ಮ ಪಕ್ಕದವರಿಗೆ ಬೇರೆ ಹೆಸರು, ಬೇರೆ ಊರು, ಬೇರೆ ಹುಟ್ಟಿದ ದಿನಾಂಕ ಕೊಟ್ಟು, ಒಂದೂ ಚಿತ್ತಿಲ್ಲದೆ ದುಂಡಾಗಿ ತುಂಬಿ ಎಂದು ಹೇಳಿ ಗಡಿಯಾರ ನೋಡುತ್ತ ನಿಂತೆ. ಎರಡು ನಿಮಿಷವಾಯಿತು. 41 ಮಕ್ಕಳಲ್ಲಿ ಒಬ್ಬರದೂ ಮುಗಿದಿರಲಿಲ್ಲ. ‘ಇನ್ನೊಂದು ನಿಮಿಷ, ಟೀಚರ್’ ಎಂದು ಎಲ್ಲರೂ ತಲೆ ತಗ್ಗಿಸಿ ಬರೆಯುತ್ತಲೇ ಇದ್ದರು.

ಹಿಂದಿನ ಬೆಂಚಿನ ಹತ್ತಿರ ಹೋಗಿ ನೋಡಿದೆ. ಪಕ್ಕದವನಿಗೆ ಒಂದು ಹೊಸ ಹೆಸರು ಇಟ್ಟು, ದಿನಾಂಕ ಬರೆದು, ತಂದೆಯ ಹೆಸರಿನ ಸಾಲಿನ ಮೇಲೆ ಪೆನ್ನು ಇಟ್ಟುಕೊಂಡು ಅವನು ಹಾಗೆಯೇ ಕುಳಿತಿದ್ದ.